ಗೋಡೆಗೆ ಬಡಿದ ಅಂಗೈ

ಜಪಾನಿನಲ್ಲಿ 2014ರಲ್ಲಿ ‘ಕಾಬೆದೋನ್’ ಎಂಬ ಪದ ಎಲ್ಲರ ಬಾಯಿಗೂ ಬಂತು. ಕಾಬೆ ಎಂದರೆ ಗೋಡೆ, ದೋನ್ ಎಂದರೆ ಧಡ್ ಎಂಬ ಸದ್ದು. ಹುಡುಗಿ ಗೋಡೆಗೆ ಬೆನ್ನು ತಾಗಿಸಿ ನಿಂತಿದ್ದಾಳೆ. ಹುಡುಗ ಅವಳ ಕಿವಿಯ ಪಕ್ಕದಲ್ಲೇ ಗೋಡೆಗೆ ಅಂಗೈ ಬಡಿದು, ಮೈ ಬಾಗಿಸಿ, ದಾರಿ ಕಟ್ಟಿ ನಿಲ್ಲುತ್ತಾನೆ. ವತಾನಾಬೆ ಆಯು ಅವರ ‘ಎಲ್‌ಡಿಕೆ’ ಎಂಬ ಮಾಂಗಾ, ಅಂದರೆ ಜಪಾನೀ ಕಾಮಿಕ್ಸ್, ಆ ವರ್ಷ ಸಿನಿಮಾ ಆಯಿತು. ಅದರ ಜೊತೆಗೆ ಈ ಭಂಗಿಯೂ ದೇಶದ ತುಂಬ ಹರಡಿತು. ವರ್ಷದ ಕೊನೆಗೆ ಆರಿಸುವ ಜನಪ್ರಿಯ ಪದಗಳ ಮೊದಲ ಹತ್ತರಲ್ಲಿ ಕಾಬೆದೋನ್ ಕೂಡ ಇತ್ತು.

ಆ ಭಂಗಿಯ ಚಿತ್ರಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡುವುದು ಕಾಮಿಕ್ಸ್ ಪುಟದಲ್ಲಿ ಅದರ ಮುಂದಿನ ಚೌಕ. ಅಲ್ಲಿ ಹುಡುಗಿಯ ಕಣ್ಣು ಅಗಲವಾಗುತ್ತದೆ, ಸುತ್ತಲಿನ ಗೋಡೆ ಕಿಟಕಿಗಳೆಲ್ಲ ಕರಗಿ ಹೋಗುತ್ತವೆ, ಖಾಲಿ ಬಿಳಿಯಲ್ಲಿ ಅವಳ ಎದೆಬಡಿತದ ಸದ್ದು ಅಕ್ಷರವಾಗಿ ಮೂಡುತ್ತದೆ. ಹೆದರಿದಾಗಲೂ ಎದೆ ಹಾಗೆಯೇ ಬಡಿದುಕೊಳ್ಳುತ್ತದೆ, ಒಲಿದಾಗಲೂ ಹಾಗೆಯೇ. ಯಾವುದೆಂದು ಓದುಗರು ಯೋಚಿಸುವ ಮುಂಚೆಯೇ ಚಿತ್ರಗಾರ್ತಿ ಮೇಲಿಂದ ಹೂ ಸುರಿಸಿ, ಇದು ಪ್ರೇಮವೆಂದು ತೀರ್ಪು ಕೊಟ್ಟುಬಿಡುತ್ತಾಳೆ.

ಹುಡುಗಿಯರಿಗೆಂದೇ ಬರೆಯುವ ಈ ಕಾಮಿಕ್ಸ್‌ಗೆ ಜಪಾನಿನಲ್ಲಿ ಶೋಜೋ ಮಾಂಗಾ ಎನ್ನುತ್ತಾರೆ. ಇವು ಹುಡುಗಿಯರ ತಲೆ ಕೆಡಿಸುತ್ತವೆ ಎನ್ನುವವರೂ ಇದ್ದಾರೆ, ಇವು ಬರೀ ಕನಸು, ಬಿಟ್ಟುಬಿಡಿ ಎನ್ನುವವರೂ ಇದ್ದಾರೆ. ಎರಡೂ ಮಾತು ನನಗೆ ಒಪ್ಪಿಗೆಯಿಲ್ಲ. ಎಪ್ಪತ್ತು ವರ್ಷಗಳಿಂದ ಗಂಡಸನ್ನು ಹೆಣ್ಣಿನ ಕಣ್ಣಿನಿಂದ ನೋಡುವುದನ್ನೇ ಕಸುಬು ಮಾಡಿಕೊಂಡ ಇಷ್ಟು ದೊಡ್ಡ ಚಿತ್ರಪರಂಪರೆ ಬೇರೆಲ್ಲೂ ನನಗೆ ಕಂಡಿಲ್ಲ. ಅದನ್ನು ಅದರ ಕುಸುರಿಯ ಒಳಗೇ ಹೊಕ್ಕು ಅಳೆಯಬೇಕು.

ಶುರುವಿನಲ್ಲಿ ಗಂಡಸು ಇರಲೇ ಇಲ್ಲವೆಂದರೂ ನಡೆಯುತ್ತದೆ. ಎರಡನೇ ಮಹಾಯುದ್ಧಕ್ಕೆ ಮುಂಚಿನ ಹುಡುಗಿಯರ ಪತ್ರಿಕೆಗಳಲ್ಲಿ, ಯೋಶಿಯಾ ನೊಬುಕೊ ಅವರಂಥ ಲೇಖಕಿಯರ ಕಥೆಗಳಲ್ಲಿ, ಶಾಲೆಯ ಹುಡುಗಿಯರು ಪರಸ್ಪರ ಕಟ್ಟಿಕೊಂಡ ಗಾಢ ಸ್ನೇಹವೇ ಎಲ್ಲವೂ ಆಗಿತ್ತು. 1953ರಲ್ಲಿ ತೆಜುಕಾ ಒಸಾಮು ಅವರ ‘ರಿಬ್ಬನ್ ತೊಟ್ಟ ಸರದಾರ’ ಬಂತು. ತುಂಟ ದೇವದೂತನೊಬ್ಬನ ಕೀಟಲೆಯಿಂದ ರಾಜಕುಮಾರಿ ಸಫೈರ್ ಎರಡು ಹೃದಯ ಹೊತ್ತು ಹುಟ್ಟುತ್ತಾಳೆ, ಒಂದು ಹುಡುಗನದು, ಇನ್ನೊಂದು ಹುಡುಗಿಯದು. ಹುಡುಗನ ಹೃದಯ ಹೋದರೆ ಅವಳ ಕೈಯಲ್ಲಿ ಕತ್ತಿ ನಿಲ್ಲದು. ತೆಜುಕಾ ಬೆಳೆದದ್ದು ತಕಾರಜುಕಾದಲ್ಲಿ. 1914ರಿಂದ ಇಂದಿನವರೆಗೂ ಹೆಂಗಸರೇ ಎಲ್ಲ ಪಾತ್ರಗಳನ್ನೂ ಮಾಡುವ ನಾಟಕ ಕಂಪನಿಯ ಊರು ಅದು. ಅಲ್ಲಿ ಗಂಡುಪಾತ್ರ ಮಾಡುವ ನಟಿಯರಿಗೆ ಹುಚ್ಚು ಅಭಿಮಾನಿಗಳು, ಅವರಲ್ಲಿ ಬಹುಪಾಲು ಹೆಂಗಸರು. ಹಾಗಾಗಿ ಹುಡುಗಿಯರ ಕಾಮಿಕ್ಸಿನ ಚೆಲುವ ನಾಯಕನ ಉದ್ದ ಕಾಲು, ತೆಳು ಸೊಂಟ, ನಕ್ಷತ್ರ ಹೊಳೆಯುವ ಕಣ್ಣು ಯಾವ ಗಂಡಸನ್ನೂ ನೋಡಿ ಬರೆದದ್ದಲ್ಲ. ಅವನ ಮೂಲದಲ್ಲಿರುವುದು ಕೂದಲು ಕತ್ತರಿಸಿಕೊಂಡು ವೇದಿಕೆ ಏರಿದ ಹೆಣ್ಣು. ಗಂಡಸುತನ ಎಂಬುದು ತೊಟ್ಟು ತೋರಿಸಬಹುದಾದ ವೇಷವೆಂಬ ಅರಿವು ಈ ಪರಂಪರೆಗೆ ಹುಟ್ಟಿನಿಂದಲೇ ಬಂದಿದೆ.

1950ರ ದಶಕದಲ್ಲಿ ಹುಡುಗಿಯರಿಗಾಗಿ ಬರೆಯುತ್ತಿದ್ದವರಲ್ಲಿ ಗಂಡಸರೇ ಹೆಚ್ಚು. ಮಿಜುನೊ ಹಿದೆಕೊ, ಮಾಕಿ ಮಿಯಾಕೊ, ವತಾನಾಬೆ ಮಸಾಕೊ ಅವರಂಥ ಹೆಂಗಸರು ಬಂದ ಮೇಲೆ ಪುಟದ ಕಟ್ಟಡವೇ ನಿಧಾನವಾಗಿ ಬದಲಾಯಿತು. 1969ರಲ್ಲಿ ಮಿಜುನೊ ‘ಫೈರ್!’ ಶುರುಮಾಡಿದರು, ಅಮೆರಿಕದ ರಾಕ್ ಗಾಯಕನೊಬ್ಬ ಅದರ ನಾಯಕ. ಹುಡುಗಿಯರ ಪತ್ರಿಕೆಯಲ್ಲಿ ಹುಡುಗನ ಬದುಕೇ ಕಥೆಯಾಗಬಹುದೆಂದು ಅದು ತೋರಿಸಿಕೊಟ್ಟಿತು.

ಇಲ್ಲಿ ಪುಟದ ಒಂದು ಗುಣವನ್ನು ಹೇಳಲೇಬೇಕು. ಶೋಜೋ ಮಾಂಗಾದಲ್ಲಿ ಎರಡು ಬಗೆಯ ಮಾತುಗಳಿವೆ. ಬಾಯಿಂದ ಆಡಿದ ಮಾತು ಗುಳ್ಳೆಯ ಒಳಗಿರುತ್ತದೆ. ಮನಸ್ಸಿನ ಮಾತಿಗೆ ಗುಳ್ಳೆಯಿಲ್ಲ. ಅದು ಚೌಕಗಳ ಗೆರೆ ದಾಟಿ, ಕೂದಲ ಎಳೆಗಳ ನಡುವೆ, ಹೂವಿನ ನಡುವೆ ತೇಲುತ್ತದೆ. ಓದುಗರಿಗೆ ತಾವು ನಾಯಕಿಯ ಒಳಗೆ ಕೂತಂತೆ ಅನ್ನಿಸುವುದು ಈ ತೇಲುವ ಮಾತಿನಿಂದ. ಸಾಮಾನ್ಯವಾಗಿ ಇದು ಸಿಗುವುದು ಹುಡುಗಿಗೆ ಮಾತ್ರ. ಹುಡುಗನಿಗೆ ಸಿಗುವುದು ಪಕ್ಕಕ್ಕೆ ತಿರುಗಿದ ಮುಖ, ಕಣ್ಣಿನ ಮೇಲೆ ಬಿದ್ದ ಕೂದಲು, ಎರಡು ಒರಟು ಮಾತು. ಅವನ ಒಳಗೆ ಏನಿದೆ ಎಂದು ಪುಟ ಹೇಳುವುದಿಲ್ಲ, ಹುಡುಗಿ ಊಹಿಸಬೇಕು. ಒರಟುತನವೇ ಆಳದಂತೆ ಕಾಣುವುದು ಇದರಿಂದಲೇ. ಮುಚ್ಚಿದ ಬಾಗಿಲ ಹಿಂದೆ ಏನೋ ಇರಲೇಬೇಕು ಎಂದು ನಂಬಿ ಅವಳು ಬಡಿಯುತ್ತಲೇ ಇರುತ್ತಾಳೆ. ಯಾವ ಕೃತಿ ಗಂಡಿಗೂ ಒಳಮಾತು ಕೊಟ್ಟಿದೆಯೋ ಅಲ್ಲಿ ಗಂಡಸುತನದ ಚಿತ್ರ ಬದಲಾಗಿದೆ. ನಾನು ಮತ್ತೆ ಮತ್ತೆ ಓದಿ ಕಂಡುಕೊಂಡದ್ದು ಇದು.

ಇಕೆದಾ ರಿಯೋಕೊ ‘ವರ್ಸೇಲ್ಸ್‌ನ ಗುಲಾಬಿ’ಯನ್ನು 1972ರಲ್ಲಿ ‘ಮಾರ್ಗರೆಟ್’ ವಾರಪತ್ರಿಕೆಯಲ್ಲಿ ಶುರುಮಾಡಿದಾಗ ಅವರಿಗೆ 24 ವರ್ಷ. ರಾಣಿ ಮರಿ ಆಂತ್ವಾನೆತ್‌ಳ ಕಾವಲುಪಡೆಯ ನಾಯಕನನ್ನು ಗಂಡಾಗಿ ಬರೆಯಲು ಅವರಿಗೆ ಧೈರ್ಯ ಸಾಲಲಿಲ್ಲ; ಸೈನಿಕ ಗಂಡಸಿನ ಮನಸ್ಸು ತಮಗೆ ಗೊತ್ತಿಲ್ಲವೆಂದು ಹೆಣ್ಣಾಗಿ ಬರೆದರಂತೆ. ಹೀಗೆ ಹುಟ್ಟಿದವಳು ಗಂಡುಮಗನಂತೆ ಬೆಳೆದ ಆಸ್ಕರ್. ಅವಳ ಬಗ್ಗೆ ಎಲ್ಲರೂ ಬರೆದಿದ್ದಾರೆ. ನನ್ನ ಗಮನ ಆಂದ್ರೆಯ ಮೇಲೆ. ಮನೆಯ ದಾದಿಯ ಮೊಮ್ಮಗ, ಕುದುರೆ ನೋಡಿಕೊಳ್ಳುವವನು, ಚಿಕ್ಕಂದಿನಿಂದ ಅವಳ ನೆರಳಾಗಿ ನಡೆದವನು. ಅವಳಿಗಾಗಿ ಒಂದು ಕಣ್ಣು ಕಳೆದುಕೊಂಡು, ಇನ್ನೊಂದರ ಬೆಳಕೂ ಆರುತ್ತಿರುವುದನ್ನು ಮುಚ್ಚಿಟ್ಟವನು. ನಾಯಕಿಗಿಂತ ಕೆಳಗಿನ ಅಂತಸ್ತಿನ, ಅವಳ ಆಜ್ಞೆ ಪಾಲಿಸುವ ಗಂಡಸನ್ನು ಹುಡುಗಿಯರ ಮುಂದೆ ಪ್ರಿಯಕರನನ್ನಾಗಿ ನಿಲ್ಲಿಸಿದ್ದು ಸಣ್ಣ ಸಾಹಸವಲ್ಲ.

ಆದರೆ ಇದೇ ಆಂದ್ರೆ ಒಂದು ರಾತ್ರಿ ಆಸ್ಕರಳ ಮೇಲೆ ಬೀಳುತ್ತಾನೆ, ಅಂಗಿ ಹರಿಯುತ್ತದೆ. ಅವಳ ಕಣ್ಣೀರು ಕಂಡು ಹಿಂದೆ ಸರಿದು, ಇನ್ನೆಂದೂ ಹೀಗೆ ಮಾಡೆನೆಂದು ಆಣೆ ಮಾಡುತ್ತಾನೆ. ಅವಳ ಮದುವೆಯ ಮಾತು ಬಂದಾಗ ಇಬ್ಬರೂ ಒಟ್ಟಿಗೆ ಸಾಯಲೆಂದು ವೈನಿಗೆ ವಿಷ ಬೆರೆಸಿ, ಅವಳ ತುಟಿಗೆ ಲೋಟ ತಾಗುವ ಹೊತ್ತಿಗೆ ತಡೆಯುತ್ತಾನೆ. ಇಂದಿನ ಓದುಗರಿಗೆ ಈ ಪುಟಗಳು ಗಂಟಲಲ್ಲಿ ಸಿಕ್ಕಿಕೊಳ್ಳುತ್ತವೆ, ಸಿಕ್ಕಿಕೊಳ್ಳಬೇಕು. ಹಾಗಿದ್ದೂ ಕಾಬೆದೋನ್ ಹುಡುಗನಿಗೂ ಇವನಿಗೂ ಒಂದು ಅಂತರವಿದೆ. ಇಕೆದಾ ಆಂದ್ರೆಯ ತಲೆಯೊಳಗೆ ನಮ್ಮನ್ನು ಕೂರಿಸುತ್ತಾರೆ. ಅವನ ಕೈ ಮೇಲೇಳುವ ಮುಂಚೆ ಅವನ ಹತಾಶೆ ಗೊತ್ತು, ಕೈ ಇಳಿದ ಮೇಲೆ ಅವನ ನಾಚಿಕೆ ಗೊತ್ತು. ಅವನು ಮಾಡಿದ್ದು ತಪ್ಪೆಂದು ಅವನೇ ಹೇಳುತ್ತಾನೆ, ಹೂವಿನ ಮಳೆ ಅದನ್ನು ಮುಚ್ಚುವುದಿಲ್ಲ. ಆಸ್ಕರಳ ಪ್ರೀತಿ ಆ ಹಿಂಸೆಗೆ ಸಿಕ್ಕ ಉತ್ತರವೂ ಅಲ್ಲ. ಎಷ್ಟೋ ಸಮಯದ ನಂತರ, ಪ್ಯಾರಿಸ್ ಹೊತ್ತಿ ಉರಿಯುವ ಹೊತ್ತಿಗೆ, ಅವಳು ತಾನಾಗಿ ಅವನನ್ನು ಕರೆಯುತ್ತಾಳೆ.

ಅದೇ ವರ್ಷಗಳಲ್ಲಿ ಹಾಗಿಯೊ ಮೋತೊ ಮತ್ತೊಂದು ದಾರಿ ಹಿಡಿದರು. ಅವರು, ತಾಕೆಮಿಯಾ ಕೇಕೊ, ಓಶಿಮಾ ಯುಮಿಕೊ, ಯಾಮಾಗಿಶಿ ರ್‍ಯೋಕೊ, ಎಲ್ಲರೂ ಶೋವಾ 24ನೇ ವರ್ಷದ, ಅಂದರೆ 1949ರ, ಆಸುಪಾಸಿನಲ್ಲಿ ಹುಟ್ಟಿದವರು; ಅವರನ್ನು ‘24ನೇ ವರ್ಷದ ಬಳಗ’ ಎನ್ನುತ್ತಾರೆ. ಹಾಗಿಯೊ 1974ರಲ್ಲಿ ಬರೆದ ‘ಥಾಮಸನ ಹೃದಯ’ ಜರ್ಮನಿಯ ಹುಡುಗರ ವಸತಿಶಾಲೆಯೊಂದರ ಕಥೆ. ಹಿಮ ಕರಗುವ ದಿನ ಥಾಮಸ್ ಸೇತುವೆಯಿಂದ ಹಾರಿ ಸಾಯುತ್ತಾನೆ. ಅವನ ಪ್ರೀತಿಯ ಪತ್ರ ಯೂಲಿಯ ಕೈ ಸೇರುತ್ತದೆ. ಯೂಲಿ ಶಿಸ್ತಿನ, ಎಲ್ಲರೂ ಮೆಚ್ಚುವ ವಿದ್ಯಾರ್ಥಿ, ಯಾರನ್ನೂ ಹತ್ತಿರ ಬಿಡದವನು. ಹಿರಿಯ ಹುಡುಗರ ಕೈಯಲ್ಲಿ ಅವನು ಅನುಭವಿಸಿದ ಹಿಂಸೆಯ ಗುರುತು ಅವನ ಬೆನ್ನ ಮೇಲಿದೆ. ಹುಡುಗಿಯರ ಕಾಮಿಕ್ಸಿನಲ್ಲಿ ಆವರೆಗೆ ಹುಡುಗನ ಮೌನ ಒಂದು ಆಕರ್ಷಣೆಯಾಗಿತ್ತು. ಹಾಗಿಯೊ ಆ ಮೌನವನ್ನು ಗಾಯವೆಂದು ಓದಿದರು. ಅದನ್ನು ಬಿಡಿಸಬೇಕಾದ ಹುಡುಗಿ ಈ ಕಥೆಯಲ್ಲಿ ಇಲ್ಲ. ಗೆಳೆಯ ಓಸ್ಕರ್‌ಗೆ ಎಲ್ಲವೂ ಗೊತ್ತಿದ್ದೂ ಅವನು ಕೆದಕದೆ ಕಾಯುತ್ತಾನೆ. ತನ್ನ ಬಾಯಿಂದ ತಾನೇ ಹೇಳುವವರೆಗೆ ಯೂಲಿಗೆ ಬಿಡುಗಡೆಯಿಲ್ಲ.

ಓದುಗರ ಮತಗಣನೆಯಲ್ಲಿ ಮೊದಲ ಕಂತು ಕಟ್ಟಕಡೆಗೆ ಬಂದು, ಕಥೆ ಬೇಗ ಮುಗಿಸುವಂತೆ ಒತ್ತಡ ಬಂದಿತ್ತು. ಹಾಗಿಯೊ ಪಟ್ಟು ಬಿಡಲಿಲ್ಲ. ಹಾಗೆ ಬಿಡದಿದ್ದುದಕ್ಕೆ ನಾನು ಇಂದಿಗೂ ಋಣಿ. ಪ್ರೀತಿಸುವ ದೇಹದ ಭಾರ ಹೊರದೆ ಪ್ರೀತಿಯನ್ನು ಯೋಚಿಸಲು ಹುಡುಗಿಯರಿಗೆ ಆ ಹುಡುಗರ ಶಾಲೆ ಒಂದು ಕೋಣೆ ಕೊಟ್ಟಿತು.

ಆದರೆ ಮಾರುಕಟ್ಟೆ ಹಿಡಿದದ್ದು ಬೇರೆ ದಾರಿ. 1970ರ ದಶಕದಲ್ಲೇ ‘ರಿಬೋನ್’ ಪತ್ರಿಕೆಯ ಮುತ್ಸು ಎ-ಕೊ ಮುಂತಾದವರ ಕಥೆಗಳಲ್ಲಿ ಸಾಧಾರಣ ಹುಡುಗಿಗೆ ಒಬ್ಬ ಹುಡುಗ ಹೇಳುವ ಮಾತು ಒಂದೇ: ನೀನು ಇರುವ ಹಾಗೆಯೇ ನನಗೆ ಇಷ್ಟ. ವಿಮರ್ಶಕಿ ಫುಜಿಮೊತೊ ಯುಕಾರಿ 1998ರ ತಮ್ಮ ಪುಸ್ತಕಕ್ಕೆ ‘ನನ್ನ ಜಾಗ ಎಲ್ಲಿದೆ?’ ಎಂಬ ಅರ್ಥದ ಹೆಸರಿಟ್ಟಿದ್ದು ಇದಕ್ಕೇ. ಲೋಕದಲ್ಲಿ ತನಗೊಂದು ಜಾಗ ಬೇಕೆಂಬ ಹುಡುಗಿಯ ಹಂಬಲಕ್ಕೆ ಹುಡುಗನ ಒಪ್ಪಿಗೆಯೇ ಉತ್ತರವಾಗಿಬಿಟ್ಟಿತು. ಮಾತು ಮೃದು, ಹುಡುಗನೂ ಮೃದು. ಆದರೆ ಮುದ್ರೆ ಒತ್ತುವ ಅಧಿಕಾರ ಅವನ ಕೈಯಲ್ಲೇ ಉಳಿಯಿತು.

ಆ ಅಧಿಕಾರ ಒರಟಾದಾಗ ‘ಹಾನಾ ಯೋರಿ ದಾಂಗೊ’ದ ದೋಮ್ಯೋಜಿ ಹುಟ್ಟಿದ. ಕಾಮಿಯೊ ಯೋಕೊ 1992ರಲ್ಲಿ ಶುರುಮಾಡಿದ ಈ ಕಥೆ ಶೋಜೋ ಚರಿತ್ರೆಯಲ್ಲೇ ಅತಿ ಹೆಚ್ಚು ಮಾರಾಟವಾದವುಗಳಲ್ಲಿ ಒಂದು. 2001ರಲ್ಲಿ ತೈವಾನಿನಲ್ಲಿ, 2005ರಲ್ಲಿ ಜಪಾನಿನಲ್ಲಿ, 2009ರಲ್ಲಿ ಕೊರಿಯಾದಲ್ಲಿ ಅದು ಧಾರಾವಾಹಿಯಾಯಿತು. ನಮ್ಮ ಹುಡುಗಿಯರಲ್ಲಿ ಅನೇಕರು ಅದನ್ನು ಕಂಡದ್ದು ಕೊರಿಯಾದ ರೂಪದಲ್ಲಿ. ಶ್ರೀಮಂತರ ಶಾಲೆಯಲ್ಲಿ ಬಡವರ ಮನೆಯ ತ್ಸುಕುಶಿ. ಎಫ್4 ಎಂಬ ನಾಲ್ವರ ಗುಂಪು ಯಾರಿಗೆ ಕೆಂಪು ಚೀಟಿ ಅಂಟಿಸುತ್ತದೋ ಅವರನ್ನು ಇಡೀ ಶಾಲೆ ಹಿಂಸಿಸಬೇಕು. ತ್ಸುಕುಶಿ ಆ ಗುಂಪಿನ ನಾಯಕ ದೋಮ್ಯೋಜಿಗೇ ಹೊಡೆಯುತ್ತಾಳೆ, ಅವನು ಅವಳಿಗೇ ಸೋಲುತ್ತಾನೆ.

ತ್ಸುಕುಶಿ ನನಗೆ ತುಂಬ ಇಷ್ಟ. ಕಾಲೂರಿ ನಿಲ್ಲುವ ಅವಳ ಛಲ ಈ ಪರಂಪರೆಯ ಆಸ್ತಿ. ನನ್ನ ತಕರಾರು ಅವಳ ಛಲವನ್ನು ಕಥೆ ಖರ್ಚು ಮಾಡುವ ಬಗೆಯ ಮೇಲೆ. ಕೆಂಪು ಚೀಟಿಯಿಂದ ಮೊದಲೇ ನೊಂದ ಮಕ್ಕಳು ಕಥೆಯ ಅಂಚಿಗೆ ಸರಿದುಹೋಗುತ್ತಾರೆ. ಅವರಿಗೆ ದೋಮ್ಯೋಜಿ ಏನು ಕೊಡಬೇಕು ಎಂಬ ಲೆಕ್ಕವನ್ನು ಯಾರೂ ಕೇಳುವುದಿಲ್ಲ. ಉಳಿಯುವುದು ಒಂದೇ ಲೆಕ್ಕ: ಅವಳಿಗಾಗಿ ಅವನು ಎಷ್ಟು ಬದಲಾದ. ತಾಯಿಯ ಪ್ರೀತಿ ಕಾಣದ ಶ್ರೀಮಂತ ಹುಡುಗನ ಕ್ರೌರ್ಯ ಒಂದು ಬೀಗವಾಗುತ್ತದೆ, ಹುಡುಗಿಯ ಸಹನೆ ಕೀಲಿಯಾಗುತ್ತದೆ. ಹತ್ತು ವರ್ಷಕ್ಕೂ ಮೀರಿ ನಡೆದ ಕಥೆಯಲ್ಲಿ ಆ ಕೀಲಿ ಎಷ್ಟು ಸವೆಯಿತೆಂದು ಅಳೆದವರಿಲ್ಲ. ಐಹಾರಾ ಮಿಕಿ ಅವರ ‘ಹಾಟ್ ಗಿಮಿಕ್’ನಲ್ಲಂತೂ ಹುಡುಗ ಗುಟ್ಟೊಂದನ್ನು ಹಿಡಿದು ಬೆದರಿಸಿ ಅವಳನ್ನು ಆಳಾಗಿಸಿಕೊಳ್ಳುತ್ತಾನೆ, ಕೊನೆಗೆ ಅವನೇ ಪ್ರಿಯಕರ. ಅಲ್ಲಿ ನನಗೆ ಓದುವ ಮನಸ್ಸೇ ಬರಲಿಲ್ಲ.

ಇದೇ ಶಾಲೆಯಂಗಳದಲ್ಲಿ ತಾಕಾಯಾ ನಾತ್ಸುಕಿ 1998ರಿಂದ 2006ರವರೆಗೆ ಬರೆದ ‘ಫ್ರೂಟ್ಸ್ ಬಾಸ್ಕೆಟ್’ ಮೊದಲಿಗೆ ಹಳೆಯ ಹಾಡಿನಂತೆಯೇ ಕಾಣುತ್ತದೆ. ಅಮ್ಮನನ್ನು ಕಳೆದುಕೊಂಡ ತೋಹ್ರು ಗುಡಾರದಲ್ಲಿದ್ದಾಳೆ. ಶಾಪಗ್ರಸ್ತ ಸೋಮಾ ಮನೆತನದವರು ಅವಳಿಗೆ ಆಸರೆ ಕೊಡುತ್ತಾರೆ, ಅವಳು ಅಡುಗೆ ಮಾಡಿ, ಎಲ್ಲರ ದುಃಖ ಕೇಳಿ, ಎಲ್ಲರನ್ನೂ ಗುಣಪಡಿಸುತ್ತಾಳೆ. ಆ ಮನೆತನದ, ರಾಜಕುಮಾರನಂತಿರುವ ಯುಕಿ ಅವಳನ್ನು ಪ್ರೀತಿಸುತ್ತಾನೆಂದು ನಾವೂ ನಂಬುತ್ತೇವೆ. ಅರ್ಧ ದಾರಿಯಲ್ಲಿ ತಾಕಾಯಾ ಯುಕಿಗೆ ಒಳಮಾತು ಕೊಡುತ್ತಾರೆ. ಅವಳಲ್ಲಿ ತಾನು ಹುಡುಕುತ್ತಿದ್ದದ್ದು ತನಗೆ ಸಿಗದ ತಾಯಿಯನ್ನು ಎಂದು ಅವನಿಗೇ ಹೊಳೆಯುತ್ತದೆ, ಅದನ್ನು ಒಪ್ಪಿಕೊಳ್ಳಲು ಅವನು ಪಡುವ ನಾಚಿಕೆಯೂ ಪುಟದ ಮೇಲಿದೆ. ಐವತ್ತು ವರ್ಷ ಹುಡುಗಿಯರಿಂದ ಮಾಡಿಸಿಕೊಂಡ ಕೆಲಸದ ಹೆಸರನ್ನು ಒಬ್ಬ ಹುಡುಗ ತನ್ನ ಬಾಯಿಂದ ಹೇಳಿದ ಕ್ಷಣ ಅದು. ಆಮೇಲೆ ಅವನು ಪ್ರೀತಿಸುವುದು ಬೇರೊಬ್ಬ ಹುಡುಗಿಯನ್ನು, ಅವಳಿಂದ ಏನನ್ನೂ ಬೇಡದೆ.

ಕಾವಾಹಾರಾ ಕಾಜುನೆ ಬರೆದು ಅರುಕೊ ಚಿತ್ರಿಸಿದ ‘ಓರೆ ಮೊನೊಗಾತಾರಿ’ (2011–2016) ಕಥನದ ಹಕ್ಕನ್ನೇ ಹುಡುಗನಿಗೆ ಕೊಟ್ಟಿತು. ಶೀರ್ಷಿಕೆಯ ಅರ್ಥವೇ ‘ನನ್ನ ಕಥೆ’; ಆ ‘ನಾನು’ ಗಂಡಸರು ಆಡುವ ‘ಓರೆ’. ತಾಕೆಒ ದೈತ್ಯದೇಹದವನು, ದಪ್ಪ ಹುಬ್ಬು, ದಪ್ಪ ತುಟಿ. ಬೇರೆ ಯಾವ ಶೋಜೋ ಕಥೆಯಲ್ಲಾದರೂ ನಾಯಕನ ಪಕ್ಕ ನಿಂತು ನಗಿಸಬೇಕಾದವನು. ರೈಲಿನಲ್ಲಿ ಕಿರುಕುಳ ಕೊಡುತ್ತಿದ್ದವನಿಂದ ಯಾಮಾತೊಳನ್ನು ಬಿಡಿಸಿದವನು ಅವನೇ, ಆದರೂ ಅವಳು ಒಲಿದಿರುವುದು ತನ್ನ ಚೆಲುವ ಗೆಳೆಯ ಸುನಾಗೆ ಎಂದು ಮನಸಾರೆ ನಂಬುತ್ತಾನೆ. ಅವನ ಒಳಗೆ ಬಚ್ಚಿಟ್ಟ ಗಾಯವಿಲ್ಲ, ಒಗಟಿಲ್ಲ. ಹೇಳಬೇಕಾದ್ದನ್ನು ಗಟ್ಟಿಯಾಗಿ ಹೇಳುತ್ತಾನೆ, ಗೆಳೆಯನಿಗಾಗಿ ಅಳುತ್ತಾನೆ. ಅಂಥವನ ಮೇಲೂ ಹೂ ಸುರಿಯಬಹುದೆಂದು ಆ ಪುಟಗಳು ತೋರಿಸಿದಾಗ, ಇಷ್ಟು ಕಾಲ ಹೂವಿಗೆ ಹಾಕಿದ್ದ ಬೇಲಿ ಎಷ್ಟು ಎತ್ತರದ್ದೆಂದು ನನಗೆ ಗೊತ್ತಾಯಿತು.

ಯಾಜಾವಾ ಆಯ್ ಅವರ ‘ನಾನಾ’ ಇನ್ನೂ ಕಠಿಣ. 2000ದಲ್ಲಿ ಶುರುವಾಗಿ, ಲೇಖಕಿಯ ಅನಾರೋಗ್ಯದಿಂದ 2009ರಲ್ಲಿ ನಿಂತುಹೋದ ಕಥೆ. ಒಂದೇ ಹೆಸರಿನ ಇಬ್ಬರು ಹುಡುಗಿಯರು ಟೋಕಿಯೋದಲ್ಲಿ ಒಂದೇ ಮನೆ ಹಿಡಿಯುತ್ತಾರೆ. ಅವರಲ್ಲಿ ಒಬ್ಬಳನ್ನು, ಎಲ್ಲರೂ ಹಾಚಿ ಎಂದು ಕರೆಯುವವಳನ್ನು, ಮೃದು ಮನಸ್ಸಿನ ನೊಬು ಪ್ರೀತಿಸುತ್ತಾನೆ. ಅವಳು ಬಸುರಿ ಎಂದು ಗೊತ್ತಾದಾಗ ಅವನು ತತ್ತರಿಸುತ್ತಾನೆ. ಅಂಕೆಯಲ್ಲಿಡುವ, ಬೇರೆ ಹೆಂಗಸರ ಸಹವಾಸ ಬಿಡದ ತಾಕುಮಿ, ಮಗು ಯಾರದೆಂದು ಖಚಿತವಿಲ್ಲದಿದ್ದರೂ ಹೊಣೆ ಹೊರುತ್ತೇನೆ ಎನ್ನುತ್ತಾನೆ. ಅವಳು ಅವನನ್ನು ಮದುವೆಯಾಗುತ್ತಾಳೆ. ಒರಟನ ಒಳಗೆ ಮೃದು ಮನಸ್ಸಿದೆ ಎಂಬ ಸಮಾಧಾನವನ್ನೂ, ಮೃದುವಾದವನೇ ಗಟ್ಟಿಗ ಎಂಬ ಸಮಾಧಾನವನ್ನೂ ಯಾಜಾವಾ ಕೊಡುವುದಿಲ್ಲ.

ಈ ಕಥೆಯ ಒಳಮಾತೆಲ್ಲ ಮುಂದೆಂದೋ ಒಂದು ಕಾಲದಿಂದ ಹಿಂತಿರುಗಿ ನೋಡುತ್ತದೆ, ಮತ್ತು ಆ ಮಾತು ಯಾವ ಗಂಡಸಿಗೂ ಹೇಳಿದ್ದಲ್ಲ. ವರ್ಷಗಳ ನಂತರ, ಒಂದು ಕಾಲಕ್ಕೆ ಇಬ್ಬರೂ ಒಟ್ಟಿಗಿದ್ದ 707ನೇ ಕೋಣೆಯಲ್ಲಿ, ನದಿಯ ಮೇಲೆ ಪಟಾಕಿ ಸಿಡಿಯುವ ರಾತ್ರಿ, ಹಳೆಯ ಗೆಳೆಯರೆಲ್ಲ ಸೇರುತ್ತಾರೆ. ಹಾಚಿಯ ಮಗಳು ಅಲ್ಲಿ ಓಡಾಡುತ್ತಾಳೆ. ಗಂಡ ಬೇರೆ ದೇಶದಲ್ಲಿದ್ದಾನೆ. ಹಾಚಿ ಬಾಗಿಲ ಕಡೆ ನೋಡುತ್ತ ಕರೆಯುವ ಹೆಸರು ಕಾಣೆಯಾದ ಇನ್ನೊಬ್ಬ ನಾನಾಳದು.