ಹಡ್ನಟ್ ತೀರ್ಪಿನಲ್ಲಿ ಯಾರೂ ಓದದ ಪುಟ

ನೀಲಿಚಿತ್ರಗಳಿಂದ ಹೆಂಗಸರಿಗೆ ಹಾನಿಯಿದೆಯೇ ಎಂಬ ವಾಗ್ವಾದ ಎಲ್ಲಿ ಎದ್ದರೂ ಸ್ವಲ್ಪ ಹೊತ್ತಿನಲ್ಲಿ ಅಮೆರಿಕದ ಒಂದು ತೀರ್ಪಿನ ಹೆಸರು ಬಂದೇ ಬರುತ್ತದೆ. ‘ಅಮೆರಿಕನ್ ಬುಕ್‌ಸೆಲ್ಲರ್ಸ್ ಅಸೋಸಿಯೇಷನ್ ವಿರುದ್ಧ ಹಡ್ನಟ್’ ಎಂಬ ಆ ತೀರ್ಪನ್ನು 1985ರ ಆಗಸ್ಟಿನಲ್ಲಿ ಏಳನೇ ಸರ್ಕ್ಯೂಟಿನ ಮೇಲ್ಮನವಿ ನ್ಯಾಯಾಲಯದ ಪರವಾಗಿ ಬರೆದವರು ನ್ಯಾಯಮೂರ್ತಿ ಫ್ರಾಂಕ್ ಈಸ್ಟರ್‌ಬ್ರೂಕ್. ಸ್ತ್ರೀವಾದಿಗಳಾದ ಕ್ಯಾಥರೀನ್ ಮೆಕಿನನ್ ಮತ್ತು ಆಂಡ್ರಿಯಾ ಡ್ವೋರ್ಕಿನ್ ರೂಪಿಸಿದ್ದ ನೀಲಿಚಿತ್ರ ವಿರೋಧಿ ಕಾನೂನನ್ನು ಇಂಡಿಯಾನಾಪೊಲಿಸ್ ನಗರ 1984ರಲ್ಲಿ ತನ್ನದಾಗಿಸಿಕೊಂಡಿತ್ತು. ತೀರ್ಪು ಅದನ್ನು ಇಡಿಯಾಗಿ ರದ್ದುಮಾಡಿತು. ಮರುವರ್ಷ ಸುಪ್ರೀಂ ಕೋರ್ಟ್ ವಾದವನ್ನೂ ಆಲಿಸದೆ ಆ ರದ್ದತಿಯನ್ನು ಎತ್ತಿಹಿಡಿಯಿತು. ಹೆಣ್ಣಿನ ನೋವನ್ನು ಒಪ್ಪಿಕೊಂಡೂ ಸ್ವಾತಂತ್ರ್ಯವನ್ನು ಬಿಟ್ಟುಕೊಡದ ದಿಟ್ಟ ಬರಹವೆಂದು ಉದಾರವಾದಿಗಳು ಅಂದಿನಿಂದ ಇದನ್ನು ಕೊಂಡಾಡುತ್ತ ಬಂದಿದ್ದಾರೆ. ಈ ಕೀರ್ತಿ ಅದರ ಯೋಗ್ಯತೆಗೆ ಮೀರಿದ್ದು. ಎಲ್ಲರೂ ಉಲ್ಲೇಖಿಸುವ ಭಾಗ ತೀರ್ಪಿನ ದುರ್ಬಲ ಭಾಗ. ಅದರ ಕೊನೆಯಲ್ಲಿ ಬರುವ, ಯಾರೂ ನೆನೆಯದ ಒಂದು ಪುಟ ಅದರ ಸತ್ವ. ಆ ಪುಟದಲ್ಲಿ ತಾನು ಕಂಡದ್ದನ್ನು ನ್ಯಾಯಾಲಯವೇ ಕೈಬಿಟ್ಟಿತು.

ಪ್ರಸಿದ್ಧ ಭಾಗವನ್ನು ಮೊದಲು ನೋಡೋಣ. ಹೆಣ್ಣನ್ನು ಅಧೀನಳಾಗಿ, ನೋವಿನಲ್ಲಿ ಸುಖಪಡುವವಳಾಗಿ ತೋರಿಸುವ ಚಿತ್ರಗಳು ಮನೆಯಲ್ಲಿ, ಕೆಲಸದಲ್ಲಿ, ಬೀದಿಯಲ್ಲಿ ಅವಳ ಅಧೀನತೆಯನ್ನು ಗಟ್ಟಿಮಾಡುತ್ತವೆ ಎಂಬುದು ನಗರದ ವಾದ. ಈಸ್ಟರ್‌ಬ್ರೂಕ್ ಇದನ್ನು ಅಲ್ಲಗಳೆಯುವುದಿಲ್ಲ. ಚಿತ್ರಗಳಿಗೆ ಇಷ್ಟು ಪ್ರಭಾವವಿದೆ ಎಂದಾದರೆ ಅದು ಅಭಿವ್ಯಕ್ತಿಯ ಬಲಕ್ಕೆ ಸಾಕ್ಷಿಯಾಯಿತು. ಜನಾಂಗದ್ವೇಷವೂ ಯಹೂದಿದ್ವೇಷವೂ ಹೀಗೆಯೇ ಮನಸ್ಸುಗಳನ್ನು ತಿದ್ದುತ್ತವೆ, ಆದರೂ ಸಂವಿಧಾನ ಅವುಗಳಿಗೆ ರಕ್ಷಣೆ ಕೊಟ್ಟಿದೆ ಎನ್ನುತ್ತಾರೆ. ಓದುವಾಗ ಇದು ಸಲೀಸಾಗಿ ಇಳಿಯುತ್ತದೆ. ಆದರೆ ಪರಿಣಾಮವೊಂದು ನೋಡುವವನ ಮನಸ್ಸನ್ನು ಹಾದು ಬಂತು ಎಂದ ಮಾತ್ರಕ್ಕೆ ಅದರ ಮೂಲ ವಿಚಾರವೆನಿಸಿ ರಕ್ಷಣೆ ಪಡೆಯಬೇಕಾಗಿಲ್ಲ. ಬೆದರಿಕೆ ಕೇಳುವವನ ಮನಸ್ಸಿನಲ್ಲೇ ಕೆಲಸ ಮಾಡುತ್ತದೆ, ವಂಚನೆಯೂ ಅಷ್ಟೆ. ತೀರ್ಪಿನ ನಿಜವಾದ ಆಧಾರ ಬೇರೆ ಇದೆ: ಸಮಾನತೆಯ ಕಾಮವನ್ನು ತೋರಿಸಿದರೆ ಬಿಡುತ್ತೇವೆ, ಅಧೀನತೆಯ ಕಾಮವನ್ನು ತೋರಿಸಿದರೆ ತಡೆಯುತ್ತೇವೆ ಎಂದ ಕಾನೂನು ಒಂದು ದೃಷ್ಟಿಕೋನವನ್ನು ಆರಿಸಿಕೊಂಡು ದಂಡಿಸಿತು ಎಂಬುದು. ಇದು ಬಲವಾದ ಆಕ್ಷೇಪ, ಇದಕ್ಕೆ ಮೆಕಿನನ್ ಕೊಟ್ಟ ಯಾವ ಉತ್ತರವೂ ಸಾಲದು. ಆದರೆ ಈ ಆಕ್ಷೇಪ ನಿಲ್ಲಲು ಹಾನಿಯನ್ನು ಒಪ್ಪಿಕೊಳ್ಳುವ ಅಗತ್ಯವೇ ಇರಲಿಲ್ಲ.

ಒಪ್ಪಿಗೆಯಾದರೂ ಎಂಥದು? ಅಡಿಟಿಪ್ಪಣಿಗೆ ಇಳಿದರೆ ಗೊತ್ತಾಗುತ್ತದೆ. ಮನುಷ್ಯಾನುಭವಕ್ಕೆ ಹೊಂದುವಷ್ಟು ಸಾಕ್ಷ್ಯವಿದೆ, ವಿವಾದಿತ ಸಂಗತಿಗಳಲ್ಲಿ ಶಾಸನ ಮಾಡಿದವರ ನಿರ್ಣಯವನ್ನು ನ್ಯಾಯಾಧೀಶರು ಒಪ್ಪಬೇಕಾಗುತ್ತದೆ ಎಂಬಷ್ಟೇ ಅರ್ಥ ಎಂದು ಅಲ್ಲಿ ಹೇಳಿದೆ. ಮೇಲೆ ತುಂಬು ದನಿಯಲ್ಲಿ ಒಪ್ಪಿದ್ದನ್ನು ಕೆಳಗೆ ಸಣ್ಣ ಅಕ್ಷರದಲ್ಲಿ ಕಾರ್ಯವಿಧಾನದ ಮರ್ಯಾದೆಯಾಗಿ ಕುಗ್ಗಿಸಲಾಗಿದೆ. ಹೀಗಿದ್ದೂ ಎರಡು ಪಕ್ಷದವರೂ ಈ ತೆಳು ನೆಲದ ಮೇಲೆ ಮನೆ ಕಟ್ಟಿದ್ದಾರೆ. ನ್ಯಾಯಾಲಯವೇ ಹಾನಿಯನ್ನು ಒಪ್ಪಿದೆ ಎಂದು ಇವರು, ಹಾನಿ ಒಪ್ಪಿದ ಮೇಲೂ ಅಭಿವ್ಯಕ್ತಿ ಗೆದ್ದಿತು ಎಂದು ಅವರು.

ಈಗ ಆ ಮರೆತ ಪುಟ. ರದ್ದಾದ ಕಾನೂನಿನಲ್ಲಿ ದಾವೆಗೆ ನಾಲ್ಕು ಕಾರಣಗಳಿದ್ದವು: ಇಂಥ ಚಿತ್ರಗಳ ವ್ಯಾಪಾರ, ಒಬ್ಬರ ಮೇಲೆ ಅವುಗಳನ್ನು ಹೇರುವುದು, ಅವುಗಳಿಂದ ಪ್ರೇರಿತವಾದ ಹಲ್ಲೆ, ಮತ್ತು ಬಲವಂತದಿಂದ ಒಬ್ಬರನ್ನು ಚಿತ್ರದಲ್ಲಿ ನಟಿಸುವಂತೆ ಮಾಡುವುದು. ಮೊದಲ ಮೂರೂ ನೋಡುಗನನ್ನು ಹಾದು ಬರುವ ಹಾನಿಗಳು. ನಾಲ್ಕನೆಯದಕ್ಕೆ ನೋಡುಗ ಬೇಕಾಗಿಯೇ ಇಲ್ಲ. ಹಾನಿ ಕ್ಯಾಮೆರಾದ ಮುಂದೆ ಆಗಿಹೋಗಿರುತ್ತದೆ. ಇದನ್ನು ಈಸ್ಟರ್‌ಬ್ರೂಕ್ ಚೆನ್ನಾಗಿಯೇ ಗುರುತಿಸುತ್ತಾರೆ. ಬಲಪ್ರಯೋಗದಿಂದ ನಟಿಸುವಂತೆ ಮಾಡುವುದನ್ನು ಸರ್ಕಾರ ಧಾರಾಳವಾಗಿ ನಿಷೇಧಿಸಬಹುದು ಎನ್ನುತ್ತಾರೆ. ಮಕ್ಕಳನ್ನು ಬಳಸಿ ತೆಗೆದ ಚಿತ್ರಗಳ ಬಗ್ಗೆ 1982ರಲ್ಲಿ ಬಂದ ಫರ್ಬರ್ ತೀರ್ಪನ್ನು ನೆನೆದು, ಕೃತ್ಯವನ್ನು ತಡೆಯಲಿಕ್ಕಾಗಿ ಅದರಿಂದ ಹುಟ್ಟಿದ ಚಿತ್ರದ ಹಂಚಿಕೆಯನ್ನೂ ತಡೆಯಬಹುದು ಎಂದು ಸೂಚಿಸುತ್ತಾರೆ. ಆಮೇಲೊಂದು ಉದಾಹರಣೆ: ಹೆಸರಾಂತ ರಾಜಕಾರಣಿಯೊಬ್ಬರಿಗೆ ಬಂದೂಕು ತೋರಿಸಿ ಒಬ್ಬ ಅಭ್ಯರ್ಥಿಯನ್ನು ಬೆಂಬಲಿಸುವಂತೆ ಮಾಡಿ ಚಿತ್ರೀಕರಿಸಿದರೆ, ಆ ಚಿತ್ರದ ಮಾರಾಟವನ್ನು ನಿಷೇಧಿಸಬಹುದೆಂದು ತೋರುತ್ತದೆ ಎಂದು. ಕದ್ದ ವ್ಯಾಪಾರ ರಹಸ್ಯವನ್ನು ಪ್ರಕಟಿಸದಂತೆ ತಡೆಯಾಜ್ಞೆ ಕೊಡುವುದಿಲ್ಲವೇ ಎಂದೂ ಸೇರಿಸುತ್ತಾರೆ.

ಬಂದೂಕಿನ ಆ ಉದಾಹರಣೆಯ ಬಳಿ ಸ್ವಲ್ಪ ನಿಲ್ಲಬೇಕು. ‘ಡೀಪ್ ಥ್ರೋಟ್’ (1972) ಚಿತ್ರದಲ್ಲಿ ಲಿಂಡಾ ಲವ್ಲೇಸ್ ಎಂಬ ಹೆಸರಿನಲ್ಲಿ ಕಾಣಿಸಿಕೊಂಡ ಲಿಂಡಾ ಮಾರ್ಕಿಯಾನೊ, ಅಂದಿನ ಗಂಡ ತನ್ನನ್ನು ಹೊಡೆದು, ಬಂದೂಕು ತೋರಿಸಿ ಈ ದಂಧೆಗೆ ನೂಕಿದನೆಂದು 1980ರ ತನ್ನ ಆತ್ಮಕಥೆಯಲ್ಲಿ ಬರೆದಿದ್ದರು. ಇದೇ ಕಾನೂನು 1983ರ ಡಿಸೆಂಬರಿನಲ್ಲಿ ಮಿನಿಯಾಪೊಲಿಸ್ ನಗರಸಭೆಯ ಮುಂದೆ ಬಂದಾಗ ಸಾಕ್ಷಿ ನುಡಿದರು. ಆ ಚಿತ್ರ ಆಗಲೂ ಓಡುತ್ತಿತ್ತು. ನ್ಯಾಯಮೂರ್ತಿಗಳು ಊಹಿಸಿಕೊಂಡ ಬಂದೂಕು ಹೆಣ್ಣೊಬ್ಬಳ ಬಹಿರಂಗ ಹೇಳಿಕೆಯಲ್ಲಿ ಆಗಲೇ ಇತ್ತು. ಆದರೂ ತತ್ವವನ್ನು ವಿವರಿಸಲು ಅವರಿಗೆ ಕಾಲ್ಪನಿಕ ರಾಜಕಾರಣಿಯೊಬ್ಬ ಬೇಕಾಯಿತು. ತತ್ವ ಒಪ್ಪಿದ ಮೇಲೆ, ಇಡೀ ಕಾನೂನಿಗೆ ಒಂದೇ ವ್ಯಾಖ್ಯೆ, ಆ ವ್ಯಾಖ್ಯೆ ದೋಷಪೂರಿತ, ನಾವು ಕಾನೂನನ್ನು ತಿದ್ದಿ ಬರೆಯಲಾರೆವು ಎಂದು ಬಲವಂತದ ಕಲಮನ್ನೂ ಉಳಿದವುಗಳ ಜೊತೆಗೇ ತಳ್ಳಿಹಾಕಿದರು. ಕಾನೂನಿನ ತರ್ಕವಾಗಿ ಇದು ಸರಿಯಿರಬಹುದು. ಈ ಭಾಗದಲ್ಲಿ ತಪ್ಪಿನ ಅರ್ಧ ಪಾಲು ಮೆಕಿನನ್ ಅವರದೇ: ಬಲವಂತಕ್ಕೊಳಗಾದವಳ ದಾವೆಯನ್ನು ದೃಷ್ಟಿಕೋನದ ವ್ಯಾಖ್ಯೆಗೆ ಕಟ್ಟಿಹಾಕಿದವರು ಅವರು. ಬಲವಂತ ನಡೆದಿದ್ದರೆ ಚಿತ್ರದಲ್ಲಿ ಸಮಾನತೆ ಕಂಡರೇನು, ಅಧೀನತೆ ಕಂಡರೇನು?

ಬಲವಂತದ ಕಲಮಿಗೆ ಎರಡು ಆಕ್ಷೇಪಗಳುಂಟು. ಬಲವಂತ, ಹಲ್ಲೆ, ಅತ್ಯಾಚಾರ ಮೊದಲೇ ಅಪರಾಧಗಳು, ಹೊಸ ಕಾನೂನು ಯಾಕೆ ಎಂಬುದು ಒಂದು. ಅಪರಾಧ ಕಾನೂನು ಮನುಷ್ಯನನ್ನು ಹಿಡಿಯುತ್ತದೆ, ಚಿತ್ರವನ್ನು ಮಾರುಕಟ್ಟೆಯಲ್ಲೇ ಬಿಡುತ್ತದೆ. ಒಮ್ಮೆ ಆದ ಹಾನಿ ಪ್ರತಿ ಪ್ರದರ್ಶನದಲ್ಲೂ ಮರುಕಳಿಸುತ್ತದೆ. ಎರಡನೆಯದು ಸ್ತ್ರೀವಾದಿಗಳಿಂದಲೇ ಬಂದದ್ದು. ಕರಾರಿಗೆ ಸಹಿ ಹಾಕಿದ್ದು, ಹಣ ಪಡೆದದ್ದು, ಒಪ್ಪಿದಂತೆ ಕಂಡದ್ದು ಬಲವಂತದ ಆರೋಪಕ್ಕೆ ಉತ್ತರವಾಗಲಾರವು ಎಂದಿತ್ತು ಕಾನೂನು. ಬೆಟ್ಟಿ ಫ್ರೀಡನ್, ಕೇಟ್ ಮಿಲೆಟ್, ಏಡ್ರಿಯನ್ ರಿಚ್ ಸಹಿ ಮಾಡಿ ನ್ಯಾಯಾಲಯಕ್ಕೆ ಸಲ್ಲಿಸಿದ ಮನವಿ, ಇದು ಹೆಣ್ಣಿಗೆ ಒಪ್ಪಿಗೆ ಕೊಡುವ ಬುದ್ಧಿಯೇ ಇಲ್ಲವೆನ್ನುವ ಹಳೆಯ ಪಾಠ ಎಂದಿತು. ಆತಂಕ ನ್ಯಾಯವಾದದ್ದೇ. ಆದರೆ ಬಂದೂಕು ಹಿಡಿದವನು ಮೊದಲು ಬರೆಸಿಕೊಳ್ಳುವುದೇ ಸಹಿಯನ್ನು. ಸಹಿಯೊಂದರಿಂದಲೇ ದಾವೆ ಬಿದ್ದುಹೋಗಬಾರದು ಎಂಬ ನಿಯಮ, ಸಹಿಗೆ ಬೆಲೆಯೇ ಇಲ್ಲ ಎಂಬ ನಿಯಮವಲ್ಲ.

ಮುಂದಿನ ವಿಮರ್ಶಕರು ಈ ಪುಟದತ್ತ ಬರಲೇ ಇಲ್ಲ ಎನ್ನುವಷ್ಟು ಕಡಿಮೆ ಬಂದರು. ನ್ಯಾಯಶಾಸ್ತ್ರ ಚಿಂತಕ ರೊನಾಲ್ಡ್ ಡ್ವೋರ್ಕಿನ್ ತೊಂಬತ್ತರ ದಶಕದ ತಮ್ಮ ಲೇಖನಗಳಲ್ಲಿ ಹಾನಿಗೆ ಪುರಾವೆ ಸಾಲದು, ಅಭಿಪ್ರಾಯವನ್ನು ಅದರ ಕೆಟ್ಟತನಕ್ಕಾಗಿ ನಿಷೇಧಿಸಲಾಗದು ಎಂದು ವಾದಿಸಿದರು. ಕ್ಯಾಮೆರಾದ ಮುಂದಿದ್ದವಳ ನೋವನ್ನು ಅಭಿಪ್ರಾಯದ ಲೆಕ್ಕಕ್ಕೆ ಹಾಕಿದ ಕೂಡಲೇ ಅವರ ವಾದ ಸುಲಭವಾಗುತ್ತದೆ. ಮೆಕಿನನ್ 1993ರ ‘ಓನ್ಲಿ ವರ್ಡ್ಸ್’ನಲ್ಲಿ ಚಿತ್ರವೇ ಕೃತ್ಯ ಎಂದರು; ಅದೇ ವರ್ಷ ರೇ ಲ್ಯಾಂಗ್ಟನ್ ಈ ಮಾತಿಗೆ ಭಾಷಾತತ್ವದ ನೆರವು ಒದಗಿಸಿದರು. ಚುರುಕು ಬುದ್ಧಿಯ ಬರಹ, ಆದರೆ ಚಿತ್ರ ತಾನೇ ಕೃತ್ಯವೋ ಅಲ್ಲವೋ ಎಂದು ಸಾಧಿಸುವ ಭರದಲ್ಲಿ ಚಿತ್ರದ ಹಿಂದಿನ ಕೃತ್ಯ ಮಸುಕಾಯಿತು. ಪ್ರಯೋಗಾಲಯದ ಜಗಳವೂ ಇದೇ ಜಾಡಿನದು. ನೀಲಿಚಿತ್ರಗಳ ಕುರಿತ ಅಮೆರಿಕದ 1986ರ ಮೀಸ್ ಆಯೋಗ ಯಾರ ಸಂಶೋಧನೆಯನ್ನು ಬಳಸಿಕೊಂಡಿತೋ ಆ ಎಡ್ವರ್ಡ್ ಡಾನರ್‌ಸ್ಟೀನ್, ತಮ್ಮ ಪ್ರಯೋಗಗಳು ತೋರಿಸಿದ್ದು ಹಿಂಸೆಯ ಪರಿಣಾಮವನ್ನು, ಕಾಮದ್ದಲ್ಲ ಎಂದು ತಕರಾರೆತ್ತಿದರು. ಕೆನಡಾದ ಸುಪ್ರೀಂ ಕೋರ್ಟ್ 1992ರ ಬಟ್ಲರ್ ತೀರ್ಪಿನಲ್ಲಿ ಕಟ್ಟುನಿಟ್ಟಿನ ಪುರಾವೆ ಬೇಡ, ಹಾನಿಯ ಸಕಾರಣ ಶಂಕೆ ಸಾಕು ಎಂದಿತು. ತಿಂಗಳುಗಳಲ್ಲೇ ಟೊರಾಂಟೊದ ಗ್ಲ್ಯಾಡ್ ಡೇ ಪುಸ್ತಕದಂಗಡಿಯ ಮೇಲೆ ಸಲಿಂಗಿ ಹೆಂಗಸರ ಪತ್ರಿಕೆ ಮಾರಿದ್ದಕ್ಕೆ ಪೊಲೀಸರು ಮೊಕದ್ದಮೆ ಹೂಡಿದರು. ನೋಡುಗನ ಮನಸ್ಸಿನಲ್ಲಿ ಹಾನಿ ಹುಡುಕುವ ಕಾನೂನು ಸಿಗುವುದು ಪೊಲೀಸರ ಕೈಗೆ.

ನಮ್ಮ ಕಾನೂನೂ ಬಹುಕಾಲ ನೋಡುಗನ ಶೀಲವನ್ನೇ ಕಾಯುತ್ತ ಬಂದಿದೆ. 2024ರವರೆಗೆ ಜಾರಿಯಲ್ಲಿದ್ದ ಭಾರತೀಯ ದಂಡಸಂಹಿತೆಯ 292ನೇ ಕಲಮಿನ ಚಿಂತೆಯೆಲ್ಲ ನೋಡಿದವನು ಕೆಡುತ್ತಾನೆ ಎಂಬುದಾಗಿತ್ತು. 2012ರ ಫೆಬ್ರವರಿಯಲ್ಲಿ ಸದನದೊಳಗೆ ಮೊಬೈಲಿನಲ್ಲಿ ಅಶ್ಲೀಲ ದೃಶ್ಯ ನೋಡಿದ ಆರೋಪಕ್ಕೆ ಕರ್ನಾಟಕದ ಮೂವರು ಸಚಿವರು ರಾಜೀನಾಮೆ ಕೊಟ್ಟಾಗಲೂ ನಮ್ಮ ಚರ್ಚೆ ಹೆಚ್ಚಾಗಿ ಸುತ್ತಿದ್ದು ಸದನದ ಘನತೆಯ ಸುತ್ತ. ಮರುವರ್ಷ ಅದೇ ಸಂಹಿತೆಗೆ ಸೇರಿದ 354ಸಿ ಕಲಮು ದಿಕ್ಕು ಬದಲಿಸಿತು: ಚಿತ್ರ ತೆಗೆಯಲು ಒಪ್ಪಿದ ಹೆಣ್ಣು ಹಂಚಲು ಒಪ್ಪಿರದಿದ್ದರೆ ಹಂಚಿದ್ದು ಅಪರಾಧವೆಂದಿತು. 2021ರ ಐಟಿ ನಿಯಮಗಳು ಇಂಥ ಖಾಸಗಿ ಚಿತ್ರಗಳನ್ನು ಸಂತ್ರಸ್ತೆಯ ದೂರು ಬಂದ 24 ಗಂಟೆಯೊಳಗೆ ತೆಗೆಯಬೇಕೆಂದವು. ಈಸ್ಟರ್‌ಬ್ರೂಕ್ ಕಂಡು ಕೈಬಿಟ್ಟ ತತ್ವ ಇದೇ, ಯಾರ ದೃಷ್ಟಿಕೋನವನ್ನೂ ಇದು ಅಳೆಯುವುದಿಲ್ಲ. ಆದರೆ ಐಟಿ ಕಾಯ್ದೆಯ 67ಎ ಕಲಮು ಹಾಗೆಯೇ ಉಳಿದಿದೆ. ಲೈಂಗಿಕ ಕ್ರಿಯೆಯ ದೃಶ್ಯ ರವಾನಿಸಿದವರು ಯಾರೇ ಆಗಲಿ, ಒಪ್ಪಿಗೆ ಇತ್ತೇ ಎಂದು ಅದು ಕೇಳುವುದಿಲ್ಲ. ತನ್ನದೇ ದೃಶ್ಯವನ್ನು ತಾನಾಗಿ ಕಳಿಸಿದ ಹೆಣ್ಣೂ, ಅವಳ ಇಚ್ಛೆಗೆ ವಿರುದ್ಧವಾಗಿ ಅದನ್ನು ಊರಿಗೆಲ್ಲ ಹಂಚಿದವನೂ ಅದರ ಅಕ್ಷರದಲ್ಲಿ ಒಂದೇ ಆರೋಪಕ್ಕೆ ಗುರಿಯಾಗುತ್ತಾರೆ.