ಮುಕ್ತ ತಂತ್ರಾಂಶದ ಬಹುಜನಪರೀಕ್ಷೆ: ಒಂದು ವಿಮರ್ಶೆ

ಎರಿಕ್ ರೇಮಂಡರು ೧೯೯೭ರಲ್ಲಿ ಮಂಡಿಸಿದ ‘ದಿ ಕೆಥೀಡ್ರಲ್ ಅಂಡ್ ದಿ ಬಜಾರ್’ ಪ್ರಬಂಧದ ಮುಖ್ಯ ಪ್ರತಿಪಾದನೆ ಇದು: ತಂತ್ರಾಂಶದ ಆಕರ ಸಂಕೇತವನ್ನು ಮುಚ್ಚಿಡದೆ, ಅದರ ಪರೀಕ್ಷಾ ಆವೃತ್ತಿಗಳನ್ನು ಮೊದಲೇ ಬಹುಜನರ ಕೈಗೆ ಒಪ್ಪಿಸಿದರೆ, ನೋಡುವವರು ಹೆಚ್ಚಿದಷ್ಟೂ ದೋಷಗಳು ಬೇಗ ಬಯಲಾಗುತ್ತವೆ. ಲಿನಕ್ಸಿನ ಬೆಳವಣಿಗೆಯೇ ಇದಕ್ಕೆ ಅವರು ಕೊಡುವ ನಿದರ್ಶನ.

ಈ ಮತವನ್ನು ನಾವು ಅರ್ಧಮಾತ್ರ ಒಪ್ಪಬಲ್ಲೆವು. ಜಾಲದ ವ್ಯವಹಾರವನ್ನು ಗೋಪ್ಯವಾಗಿಡುವ ‘ಓಪನ್ ಎಸ್‌ಎಸ್‌ಎಲ್’ ಎಂಬ ಮುಕ್ತ ತಂತ್ರಾಂಶದ ೧.೦.೧ನೆಯ ಆವೃತ್ತಿಯು ಪರೀಕ್ಷೆಯ ಹಂತವನ್ನು ದಾಟಿಯೇ ೨೦೧೨ರ ಮಾರ್ಚಿಯಲ್ಲಿ ಹೊರಬಂದಿತು. ಆದರೂ ಅದರೊಳಗಿದ್ದ ‘ಹಾರ್ಟ್‌ಬ್ಲೀಡ್’ ದೋಷವು ಪ್ರಕಟವಾದುದು ೨೦೧೪ರ ಏಪ್ರಿಲಿನಲ್ಲಿ. ಬಂದ ಸಂದೇಶವನ್ನು ಹಾಗೆಯೇ ಹಿಂದಿರುಗಿಸಬೇಕಾದ ಗಣಕವು, ಕಳುಹಿಸಿದವನು ಹೇಳಿದ ಉದ್ದವನ್ನು ಅಳೆದು ನೋಡದೆ ನಂಬಿ, ತನ್ನ ಸ್ಮೃತಿಯಲ್ಲಿದ್ದ ಗುಟ್ಟುಗಳನ್ನೂ ಸೇರಿಸಿ ಕೊಟ್ಟುಬಿಡುತ್ತಿತ್ತು. ನಿಜವಾದ ಉದ್ದವನ್ನೇ ಹೇಳುವ ಬಳಕೆದಾರರು ಲಕ್ಷ ಮಂದಿಯಿದ್ದರೂ ಈ ದೋಷ ಅವರಿಗೆ ಗೋಚರಿಸುವಂತಿರಲಿಲ್ಲ. ಬೇಕೆಂದೇ ಸುಳ್ಳು ಉದ್ದವನ್ನು ಹೇಳಿ ನೋಡುವವನೋ, ಸಂಕೇತವನ್ನು ಸಾಲುಸಾಲಾಗಿ ಓದುವವನೋ ಬೇಕಾಗಿದ್ದನು.

ಆದುದರಿಂದ ಬಳಸುವುದು ಬೇರೆ, ಪರೀಕ್ಷಿಸುವುದು ಬೇರೆ. ಗ್ರಂಥವನ್ನು ತೆರೆದಿಟ್ಟಮಾತ್ರಕ್ಕೆ ಅದನ್ನು ಯಾರೋ ಓದಿರುವರೆಂದು ಭಾವಿಸಲಾಗದು. ರೇಮಂಡರ ಪ್ರಬಂಧವನ್ನು ಅಭ್ಯಸಿಸುವ ವಿದ್ಯಾರ್ಥಿಗಳು ಈ ಭೇದವನ್ನು ಮನಗಾಣುವುದು ಅವಶ್ಯ.