ನಿಖರತೆಯ ಗುರಿ ಗೊತ್ತುಪಡಿಸುವ ಕಲೆ
ವೇಗದ ನ್ಯೂಟ್ರಾನ್‌ಗಳ ರಿಯಾಕ್ಟರಿನ ಲೆಕ್ಕಾಚಾರ ಎಷ್ಟು ನಿಖರವಾಗಿರಬೇಕೆಂದು ಮುಂಚೆಯೇ ಗೊತ್ತುಪಡಿಸುವುದು ಬಲು ಸೊಗಸಾದ ಕಸುಬು. ಮೊದಲು ವಿನ್ಯಾಸಕಾರರು ಮಿತಿ ಹಾಕುತ್ತಾರೆ: ನ್ಯೂಟ್ರಾನ್ ಗುಣಕದ, ಅಂದರೆ ಒಂದು ತಲೆಮಾರಿನಿಂದ ಮುಂದಿನದಕ್ಕೆ ನ್ಯೂಟ್ರಾನ್‌ಗಳ ಸಂಖ್ಯೆ ಎಷ್ಟು ಪಟ್ಟಾಗುತ್ತದೆಂಬುದರ, ಅನಿಶ್ಚಿತತೆ ಸುಮಾರು ಶೇ 0.3 ಮೀರಬಾರದು. ಬಳಿಕ ಒಂದೊಂದು ಐಸೊಟೋಪಿನ ಒಂದೊಂದು ಕ್ರಿಯೆಯ ದತ್ತಾಂಶ ತುಸು ಬದಲಾದರೆ ಗುಣಕ ಎಷ್ಟು ಕದಲುತ್ತದೆಂದು ಲೆಕ್ಕ ಹಾಕುತ್ತಾರೆ. ಆಮೇಲೆ ಪ್ರಶ್ನೆ ತಿರುಗುಮುರುಗಾಗುತ್ತದೆ: ಗುರಿ ಮುಟ್ಟಲು ಯಾವ ದತ್ತಾಂಶವನ್ನು ಎಷ್ಟು ಬಿಗಿಗೊಳಿಸಬೇಕು, ಅದೂ ಕನಿಷ್ಠ ವೆಚ್ಚದಲ್ಲಿ? ಅಳೆಯಲು ಕಷ್ಟವಾದುದಕ್ಕೆ ಹೆಚ್ಚು ಬೆಲೆ ಕಟ್ಟುವುದರಿಂದ ಹೊರೆ ನ್ಯಾಯವಾಗಿ ಹಂಚಿಹೋಗುತ್ತದೆ. ಒಇಸಿಡಿಯ ಪರಮಾಣು ಶಕ್ತಿ ಸಂಸ್ಥೆ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನ್ಯೂಟ್ರಾನ್ ತನ್ನ ಶಕ್ತಿಯ ಒಂದು ಭಾಗವನ್ನು ಯುರೇನಿಯಂ-238ರ ನ್ಯೂಕ್ಲಿಯಸ್ಸಿಗೆ ಕೊಟ್ಟು ಚದುರುವ ಕ್ರಿಯೆ ಮುಂಚೂಣಿಗೆ ಬಂತು. ಶೇ 10–20ರಷ್ಟಿದ್ದ ಅದರ ಅನಿಶ್ಚಿತತೆ ಕೆಲವೇ ಶೇಕಡಕ್ಕೆ ಇಳಿಯಬೇಕಿತ್ತು. ಅಸಂಖ್ಯ ದತ್ತಾಂಶಗಳ ನಡುವೆ ಪ್ರಯೋಗಶಾಲೆಯ ಶ್ರಮ ಎಲ್ಲಿ ಸಲ್ಲಬೇಕೆಂದು ಬೆರಳಿಟ್ಟು ತೋರಿಸುವುದೇ ಈ ವಿಧಾನದ ಹಿರಿಮೆ.